ಅಕ್ಕನ ಕಂಪ್ಯೂಟರು, ತಮ್ಮನ ಕಂಪ್ಯೂಟರು

ನನ್ನ ಗಂಡ ಫೆಲೇತಿ ನಮ್ಮ ದ್ವೀಪದ ಕೊಲೊಂಗ ಊರಿನ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾನೆ. ಊರಲ್ಲಿ ಯಾರ ಯಂತ್ರ ಕೆಟ್ಟರೂ ಅವನಿಗೇ ಕರೆ ಬರುತ್ತದೆ. ಅಂಥವನು ತನ್ನ ಮನೆಯಲ್ಲೇ ಇದ್ದ ಒಂದು ಕಂಪ್ಯೂಟರನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅದು ಅವನ ಅಕ್ಕ ಲೋಸಲಿನೆಯದು, ಅವರ ಕೋಣೆಯಲ್ಲಿತ್ತು. ನಮ್ಮ ಹಿರಿಯರ ಕಟ್ಟಳೆಯಂತೆ ತಮ್ಮನಾದವನು ಅಕ್ಕನ ಕೋಣೆಯ ಹೊಸಿಲು ದಾಟುವುದಿಲ್ಲ, ಅಕ್ಕನ ವಸ್ತು ಮುಟ್ಟುವುದಿಲ್ಲ, ಅಕ್ಕನ ಗುಟ್ಟಿನ ವಿಷಯ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈಗಿನ ಹುಡುಗರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ನಮ್ಮ ಮನೆಯ ಈ ಇಬ್ಬರು ಮಾತ್ರ ಕೂದಲೆಳೆಯಷ್ಟೂ ಬಿಟ್ಟುಕೊಟ್ಟವರಲ್ಲ. ಮಧ್ಯೆ ಸಿಕ್ಕಿಕೊಂಡವಳು ನಾನು, ಪಿಸಿಲಾ. ಮದುವೆಯಾದಾಗಿನಿಂದ ಈ ಕೋಣೆಯ ಮಾತನ್ನು ಆ ಕೋಣೆಗೆ ಹೊತ್ತು ಕಾಲು ಸವೆಸಿದ್ದೇನೆ. ಭಕ್ತಿಯಿಂದ ಮಾಡಿದೆ ಎಂದರೆ ಸುಳ್ಳಾಗುತ್ತದೆ, ಗೊಣಗಿಕೊಂಡೇ ಮಾಡಿದೆ.

ಮಾವ, ಎಂದರೆ ಇವರಿಬ್ಬರ ಅಪ್ಪ, ನಮ್ಮ ಚರ್ಚಿನ ಹಾಡುಗಾರರನ್ನು ಮೂವತ್ತು ವರ್ಷ ನಡೆಸಿದವರು. ಅವರ ದನಿ ಇದ್ದ ಒಂದೇ ಒಂದು ಕ್ಯಾಸೆಟ್ಟನ್ನು ಅಕ್ಕ ಬಹಳ ಹಿಂದೆ ಆ ಕಂಪ್ಯೂಟರಿಗೆ ಏರಿಸಿಟ್ಟಿದ್ದರು. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ಮಾವ ತೀರಿಕೊಂಡರು. ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಊರ ಮೇಲೆಲ್ಲ ಬೂದಿ ಸುರಿದ ವರ್ಷ, ಆ ಬೂದಿ ಯಂತ್ರದೊಳಕ್ಕೂ ಹೋಯಿತು. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳಿಗೆ ತುಕ್ಕು ಹಿಡಿಯಿತು, ಸಿ.ಡಿ. ಇಡುವ ತಟ್ಟೆ ಹೊರಗೆ ಬರುವುದನ್ನೇ ಬಿಟ್ಟಿತು. ಆದರೂ ಅಕ್ಕ ದಿನಾ ಸಂಜೆ ಅಪ್ಪನ ಹಾಡು ಹಾಕಿಕೊಂಡು ಕೇಳುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಅದರ ಹೊಟ್ಟೆಯಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು.

ಫೆಲೇತಿ ಗೋಡೆಗೆ ಕಿವಿಯಿಟ್ಟ. "ಡಿಸ್ಕು ಸಾಯ್ತಾ ಇದೆ. ಆರಿಸ್ಬೇಡಿ ಅಂತ ಹೇಳು ಅಕ್ಕಂಗೆ. ಆರಿಸಿದ್ರೆ ಮತ್ತೆ ಏಳೋದು ಅನುಮಾನ."

ನಾನು ಅಕ್ಕನ ಕೋಣೆಗೆ ಹೋಗಿ, "ಆರಿಸ್ಬಾರ್ದಂತೆ," ಎಂದೆ.

"ಕೇಳಿಸ್ತು ಕಣೆ. ನಾನೇನು ಕಿವುಡಿಯಾ?"

"ಕೇಳಿಸಿದ್ರೆ ಇಲ್ಲಿಂದಲೇ ಒಂದು ಉತ್ತರ ಕೂಗ್ಬಹುದಲ್ಲ ಅಕ್ಕಾ? ನನ್ನ ಮಂಡಿನಾದ್ರೂ ಉಳಿಯತ್ತೆ."

"ಅಪ್ಪನ ದನಿ ಇನ್ನೆಲ್ಲೂ ಇಲ್ಲ ಅಂತ ಹೇಳು ಅವನಿಗೆ." ನಾನು ಕುಚೋದ್ಯ ನಿಲ್ಲಿಸಿದೆ.

ಹಳೆಯ ಯಂತ್ರದ ಬೆನ್ನಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಒಂದು ಕಿಂಡಿ ಮಾತ್ರ ಸರಿಯಾಗಿತ್ತು. ಫೆಲೇತಿ ತನ್ನ ಲ್ಯಾಪ್‌ಟಾಪಿನಿಂದ ಕೇಬಲ್ ಎಳೆದು, ನಮ್ಮ ಕಿಟಕಿಯಿಂದ ಹೊರಗೆ ಹಾಕಿದ. ನಾನು ಅಂಗಳಕ್ಕೆ ಹೋಗಿ ಅದನ್ನು ಅಕ್ಕನ ಕಿಟಕಿಯೊಳಗೆ ತೂರಿಸಿದೆ. ಎರಡೂ ಕಂಪ್ಯೂಟರು ಒಂದೇ ಹಗ್ಗಕ್ಕೆ ಬಿದ್ದವು, ಆದರೂ ಒಂದಕ್ಕೊಂದು ಗುರುತು ಹಿಡಿಯಲಿಲ್ಲ.

"ಥೇಟ್ ನಿಮ್ಮ ಥರಾನೇ," ಎಂದೆ ಗಂಡನಿಗೆ.

"ಬಾಯಿ ಮುಚ್ಕೊಂಡು ಅಕ್ಕನ ಕಂಪ್ಯೂಟರಲ್ಲಿರೋ ವಿಳಾಸದ ಅಂಕಿ ಓದ್ಕೊಂಡು ಬಾ ಮಾರಾಯ್ತಿ."

ಅಂಕಿ ಓದಿಕೊಂಡು ಬಂದೆ. ಅದಕ್ಕೆ ಹೊಂದುವ ಅಂಕಿಯನ್ನು ಅವನು ತನ್ನದರಲ್ಲಿ ಹಾಕಿದ. ಎರಡಕ್ಕೂ ಒಂದೇ ಗುಂಪಿನ ಹೆಸರಿರಬೇಕಂತೆ, ಅದನ್ನೂ ತನ್ನದರಲ್ಲೇ ಬದಲಾಯಿಸಿದ. ಅಕ್ಕನದು ಇದ್ದ ಹಾಗೇ ಇರಲಿ ಎಂದ. ಹಳೆಯ ಯಂತ್ರಗಳು ಮಾತಾಡುವ ರೀತಿ ಅಪಾಯ ಎಂದು ಹೊಸವು ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿವೆಯಂತೆ. ಎಲ್ಲೋ ಆಳದ ಪಟ್ಟಿಯೊಂದರಲ್ಲಿ ಅದನ್ನು ಹುಡುಕಿ ಗುರುತು ಹಾಕಿ, ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದ. "ಕೆಲಸ ಆದ್ಮೇಲೆ ಇದನ್ನ ಮುಚ್ಚಲೇಬೇಕು, ಜ್ಞಾಪಿಸು. ಈ ಹಳೇ ಬಾಗಿಲು ಕಳ್ಳರಿಗೂ ಗೊತ್ತು," ಎಂದ. ಈ ಬಾರಿ ಅಕ್ಕನ ಕಂಪ್ಯೂಟರಿನ ಹೆಸರು ಅವನ ಪರದೆಯ ಮೇಲೆ ಮೂಡಿತು. ಇನ್ನು ಹಾಡಿರುವ ಕಡತವನ್ನು ಆ ಕಡೆಯಿಂದ ಹಂಚಿಕೆಗೆ ಬಿಟ್ಟರಾಯಿತು, ಅದೊಂದೇ ಈ ಪರದೆಯಲ್ಲಿ ತೆರೆದುಕೊಳ್ಳುತ್ತದೆ.

"ಡಿಸ್ಕಲ್ಲಿ ಏನೇನು ಹೆಸರಿದೆ ಓದು, ಯಾವುದನ್ನ ಒತ್ಬೇಕು ಹೇಳ್ತೀನಿ," ಎಂದು ಅಕ್ಕನ ಕೋಣೆಗೆ ಬಂದಿದ್ದ ನನಗೆ ಗೋಡೆಯಾಚೆಯಿಂದ ಕೂಗಿದ.

ನಾನು ಓದಲು ಬಾಯಿ ತೆರೆದೆ. ಅಕ್ಕ ನನ್ನ ಬಾಯಿಗೆ ಅಂಗೈ ಒತ್ತಿದರು. "ಓದ್ಬೇಡ್ವೇ! ಅವನು ಕೇಳಿಸ್ಕೋತಿದಾನೆ!"

ಪರದೆ ನೋಡಿದೆ. ಆಸ್ಪತ್ರೆಯ ಕಾಗದಗಳು, ಯಾರೋ ಒಬ್ಬರ ಹೆಸರಿನಲ್ಲಿ ಹನ್ನೊಂದು ವರ್ಷದ ಪತ್ರಗಳು, ಇನ್ನೂ ಏನೇನೋ. ತಮ್ಮನ ಕಿವಿಗೆ ಬೀಳಬಾರದ ಹೆಸರುಗಳು ಅವು. ಹಾಡು ಯಾವುದರೊಳಗಿದೆ ಎಂದು ಕೇಳೋಣವೆಂದರೆ ಅಕ್ಕ ನಾಚಿಕೆಯಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ಟಕ್ ಟಕ್ ಜೋರಾಗುತ್ತಿತ್ತು. ಹೆಸರು ಹೇಳುವ ಗೋಜೇ ಬೇಡವೆಂದು ನಾನು ಇಡೀ ಡಿಸ್ಕನ್ನೇ ಹಂಚಿಕೆಗೆ ಬಿಟ್ಟೆ. ಅಪಾಯ ಗೊತ್ತಿದ್ದೂ ಮುಂದುವರಿಯುವುದಾದರೆ ಇಲ್ಲಿ ಒತ್ತಿ ಎಂದು ಪಾಪದ ಯಂತ್ರ ಎಚ್ಚರಿಸಿತು. ಒತ್ತಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಕಡೆ ಕುರ್ಚಿ ಉರುಳಿದ ಸದ್ದಾಯಿತು. ಓಡಿ ಹೋದೆ. ಲ್ಯಾಪ್‌ಟಾಪಿನ ಮೇಲೆ ಟವೆಲ್ ಬಿದ್ದಿತ್ತು, ಫೆಲೇತಿ ಅಂಗಳದ ಹಲಸಿನ ಮರಕ್ಕೆ ಒರಗಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನ್ ಮಾಡ್ದೆ ಪಿಸಿಲಾ? ಎಲ್ಲಾ ತೆರ್ಕೊಂಡ್ಬಿಡ್ತು. ಅಕ್ಕಂದು ಎಲ್ಲಾನೂ."

"ಓದಿದ್ಯಾ?"

"ಒಂದಕ್ಷರ ಓದಿಲ್ಲ. ದೇವರಾಣೆ. ಆದ್ರೆ ಇನ್ನು ಆ ಪರದೆ ಮುಂದೆ ನಾನು ಕೂರಲ್ಲ."

"ಅಪ್ಪ ಹೋಗ್ತಾರಲ್ಲೋ!"

ಅವನು ಅಳುತ್ತಿದ್ದ. ನಲವತ್ತು ದಾಟಿದ ಗಂಡಸು. ನಾನು ಅಕ್ಕನ ಬಳಿಗೆ ಹೋಗಿ ತಪ್ಪೊಪ್ಪಿಕೊಂಡೆ, ಮೊದಲಿನಿಂದ ಮತ್ತೆ ಮಾಡುತ್ತೇನೆ ಎಂದೆ. ಅಕ್ಕ ಯಂತ್ರದ ಮೇಲೆ ಕೈಯಿಟ್ಟು ಸದ್ದು ಕೇಳಿದರು.

"ಅಷ್ಟು ಹೊತ್ತಿಲ್ಲ ಇದಕ್ಕೆ. ಎಲ್ಲಾನೂ ತಗೊಳ್ಳಲಿ ಅನ್ನು."

ಸುದ್ದಿ ತಲುಪಿಸಿದೆ. ಫೆಲೇತಿ ಒಳಗೆ ಬಂದ. ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ತಾನು ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತ.

"ಟವೆಲ್ ತೆಗಿ. ಎಡಗಡೆ ಮೇಲೊಂದು ಹೆಸರಿದೆ, ಅದರ ಪಕ್ಕ ಖಾಲಿ ಜಾಗದಲ್ಲಿ ಒತ್ತು. ಈಗ ಎಲ್ಲಾ ಗುರುತು ಹಾಕ್ಕೊಂಡು ನನ್ನದಕ್ಕೆ ನಕಲು ಮಾಡು."

"ಏನೋ ಪೆಟ್ಟಿಗೆ ಬಂತು."

"ಕೆಳಗೆ ಮೂರು ಗುಂಡಿ ಇದಾವೆ. ಮಧ್ಯದ್ದು ಒತ್ತು. ಏನು ಬರೆದಿದೆ ಅಂತ ಹೇಳ್ಬೇಡ."

ಮೂರು ಗುಂಡಿಗಳಿದ್ದವು. ಅವನಿಗೆ ಪರದೆಯ ಮೂಲೆಮೂಲೆಯೂ ಗೊತ್ತಿತ್ತು. ಯಾವ ತೊಡಕು ಬಂದರೂ, ಎಲ್ಲಿ ಏನು ಕಾಣುತ್ತಿರಬೇಕು, ಏನು ಮಾಡಬೇಕು ಎಂದು ಗೋಡೆ ನೋಡಿಕೊಂಡೇ ಹೇಳಿದ. ಕಾಲು ಗಂಟೆ ಹೋಯಿತು, ಅರ್ಧ ಗಂಟೆ ಹೋಯಿತು. ಹಸಿರು ಪಟ್ಟಿ ಇಂಚಿಂಚಾಗಿ ಮುಂದೆ ಸರಿಯಿತು. ಅವನು ಒಮ್ಮೆಯೂ ತಿರುಗಲಿಲ್ಲ, ಕುತ್ತಿಗೆಯನ್ನೂ ಹೊರಳಿಸಲಿಲ್ಲ. ಅಂಗಿಯ ಬೆನ್ನು ಬೆವರಿನಿಂದ ತೊಯ್ದು ಅಂಟಿಕೊಂಡಿತ್ತು. ನಾನು ಪರದೆ ಬಿಟ್ಟು ಆ ಬೆನ್ನನ್ನೇ ನೋಡುತ್ತಾ ಕೂತೆ. ಹದಿನಾರು ವರ್ಷ ನಾನು ಗೇಲಿ ಮಾಡಿದ್ದು ಇಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ. ಚರ್ಚಿನಲ್ಲೂ ನನಗೆ ಅಂಥ ಭಯಭಕ್ತಿ ಆಗಿದ್ದಿಲ್ಲ.

ಪಟ್ಟಿ ತುಂಬಿ ಐದು ನಿಮಿಷಕ್ಕೆ ಗೋಡೆಯಾಚೆಯ ಸದ್ದು ನಿಂತಿತು. ಹಳೆಯ ಯಂತ್ರ ಹೋಗಿತ್ತು. ನಾನು ಹುಡುಕಿ ಹಾಡನ್ನು ಒತ್ತಿದೆ. ಮಾವ ಕೆಮ್ಮಿದರು. "ಹೆಂಗಸರು ಮೊದಲು," ಎಂದರು. ತಾಳಕ್ಕೆ ಮೇಜು ಕುಟ್ಟಿದರು.

"ನಿಲ್ಲಿಸು," ಎಂದ ಫೆಲೇತಿ. "ಅಕ್ಕ ಮೊದಲು ಕೇಳ್ಲಿ."

ಲ್ಯಾಪ್‌ಟಾಪನ್ನು ಅಕ್ಕನಿಗೆ ಕೊಟ್ಟು ಬಂದೆ. ಅವರು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅಂಗಳದ ಕಡೆಯ ಕಿಟಕಿಯನ್ನು ಪೂರ್ತಿ ತೆರೆದರು. ಮತ್ತೆ ಮರದ ಕೆಳಗೆ ಹೋಗಿ ನಿಂತಿದ್ದ ತಮ್ಮನಿಗೂ ಅಪ್ಪನ ದನಿ ಕೇಳಿಸಿತು. ಇಬ್ಬರೂ ಪೂರ್ತಿ ಕೇಳಿದರು.

ಸಂಜೆ, ಆ ಹಳೇ ಬಾಗಿಲು ಮುಚ್ಚಬೇಕಲ್ಲ ಎಂದು, ಲ್ಯಾಪ್‌ಟಾಪ್ ವಾಪಸು ತರಲು ಹೋದೆ. "ಅಕ್ಕಾ, ಹಾಡನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ. ನಿಮ್ಮ ಉಳಿದ ಕಡತಗಳನ್ನ ಇದರಿಂದ ಅಳಿಸ್ಬಿಡ್ಲಾ?"

"ಬೇಡ. ಇದರಲ್ಲೇ ಇರ್ಲಿ."

"ಅವನ ಕಂಪ್ಯೂಟರಿನಲ್ಲಾ? ಅದಕ್ಕೆ ಪಾಸ್‌ವರ್ಡೂ ಇಲ್ಲ ಅಕ್ಕಾ!"

"ಮತ್ತೆಲ್ಲಿ ಇಡ್ಲಿ ಹೇಳು, ಇದಕ್ಕಿಂತ ಭದ್ರವಾಗಿ?"

ಅದಾಗಿ ಎರಡು ವರ್ಷ. 'ಅಕ್ಕ' ಎಂಬ ಹೆಸರಿನಲ್ಲಿ ಆ ಕಡತಗಳ ಗಂಟು ಅವನ ಪರದೆಯ ನಟ್ಟನಡುವೆ ಕೂತಿದೆ. ಹೋದ ತಿಂಗಳು ಲ್ಯಾಪ್‌ಟಾಪಿನಲ್ಲಿ ಜಾಗ ಮುಗಿಯಿತು. ಫೆಲೇತಿ ತಾನು ಎಂಟು ವರ್ಷ ಕೂತು ಮಾಡಿಟ್ಟ ಪಾಠಗಳನ್ನು ಒಂದೊಂದಾಗಿ ಅಳಿಸುತ್ತಿದ್ದ.

"ಅಕ್ಕನದರಲ್ಲಿ ಬೇಡದ ಕಸ ಎಷ್ಟೋ ಇರತ್ತೆ, ನಾನೇ ಕೇಳ್ಕೊಂಡು ಬರ್ಲಾ?" ಎಂದೆ.

"ಇರ್ಲಿ ಬಿಡು," ಎಂದು ಇನ್ನೊಂದು ಪಾಠ ಅಳಿಸಿದ.