ಮಾಸ್ತರರ ಮೊದಲ ಪುಟ

ಪುಸ್ತಕ ಬದಲಾಗಿತ್ತು. ಯಂಕೋಬನಿಗೆ ಅದರಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ.

ಲಂಡನ್ನಿನಲ್ಲಿ ಅಚ್ಚಾದ ಹಳೆಯ ಪತ್ತೇದಾರಿ ಕಾದಂಬರಿ, ಹಸಿರು ಬಟ್ಟೆಯ ರಟ್ಟು. ಓದಿ ಕೊಡುತ್ತೇನೆಂದು ಮಸ್ಕಿಯ ಸೂಗಪ್ಪ ಮಾಸ್ತರರು ಕೇಳಿದ್ದಕ್ಕೆ, ತಿಂಗಳ ಹಿಂದೆ ಸಿಂಧನೂರಿನಿಂದ ಬಸ್ ಕಂಡಕ್ಟರ್ ಬಾಲಪ್ಪನ ಕೈಯಲ್ಲಿ ಕಳಿಸಿದ್ದ. ಇವತ್ತು ಬಾಲಪ್ಪ ತಂದುಕೊಟ್ಟದ್ದೂ ಹಸಿರು ರಟ್ಟಿನದೇ. ಆದರೆ ಮೊದಲ ಪುಟದಲ್ಲಿ ತಾನು ಬರೆದಿದ್ದ ‘ಯಂಕೋಬ, ಅಂಚೆ ಕಚೇರಿ, ಸಿಂಧನೂರು’ ಮಾಯವಾಗಿತ್ತು. ಅವನ ಪ್ರತಿಯಲ್ಲಿ ನಡುವಿನ ಒಂದು ಹಾಳೆ ಹರಿದುಹೋಗಿತ್ತು. ಇದರಲ್ಲಿ ಅದು ಗಟ್ಟಿಯಾಗಿ ಕೂತಿತ್ತು.

“ಚೊಲೋದು ಬಂದೈತಲ್ಲ, ಮತ್ಯಾಕ ಮಾರಿ ಗಂಟ ಹಾಕ್ಕೊಂಡೀರಿ?” ಎಂದಳು ಹೆಂಡತಿ ಅಮರಮ್ಮ.

“ಅದಾ ನನಗ ಶಕ್. ಹರಕ ಇಟ್ಕೊಂಡು ಚೊಲೋದು ಯಾರರ ಕೊಡ್ತಾರೇನು? ನಂದರಾಗ ಏನೋ ಇತ್ತು. ನನಗ ಗೊತ್ತಿರಲಿಲ್ಲ, ಮಾಸ್ತರಗ ಗೊತ್ತಾಗೇತಿ.”

ಪತ್ತೇದಾರಿ ಓದಿ ಓದಿ ತಲೆ ಹೀಗೆ ಓಡುವುದು. ಸಹಜವಾದದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಮಾಸ್ತರರಿಗೂ ಯಂಕೋಬನಿಗೂ ಪರಿಚಯವಾಗಿ ಆರು ವರ್ಷ. ಎಂಬತ್ಮೂರನೇ ಇಸವಿಯಲ್ಲಿ ಲಿಂಗಸುಗೂರಿನ ಸಂತೆಯಲ್ಲಿ, ಜಂಗ್ಲಿಸಾಬನ ರದ್ದಿ ರಾಶಿಯೊಳಗಿನ ಒಂದೇ ಪುಸ್ತಕಕ್ಕೆ ಇಬ್ಬರೂ ಕೈ ಹಾಕಿದ್ದರು. ಮಾಸ್ತರರಿಗೆ ಆಗಲೇ ಅರವತ್ತು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತು, ಮುಂದೆ ಉರ್ದುವನ್ನೇ ಕಲಿಸಿದವರು. ಇಂಗ್ಲಿಷನ್ನು ಆಮೇಲೆ ಹಠ ಹಿಡಿದು ಕಲಿತರು. ಯಂಕೋಬನಿಗೆ ಮೂವತ್ತು. ಲಂಡನ್ನಿನದು ಯಾವುದು, ಅದೇ ಕಥೆ ಹೆಸರು ಬದಲಿಸಿಕೊಂಡು ನ್ಯೂಯಾರ್ಕಿನಲ್ಲಿ ಅಚ್ಚಾದದ್ದು ಯಾವುದು ಎಂದು ಅವನು ಮಾತಾಡಬಹುದಾದ ಮನುಷ್ಯ ಈ ಸೀಮೆಯಲ್ಲಿ ಅವರೊಬ್ಬರೇ. ಈ ಒಬ್ಬ ದೋಸ್ತನೂ ಕಳ್ಳನಾದರೆ ಮುಂದೆ ಯಾರು?

ಬಾಲಪ್ಪನ ಕೈಯಲ್ಲಿ ಚೀಟಿ ಹೋಯಿತು: ‘ನನ್ನ ಪುಸ್ತಕ ನನಗೆ ಕಳಿಸಬೇಕು.’ ನಮಸ್ಕಾರವನ್ನೂ ಬರೆಯಲಿಲ್ಲ.

ಮರುದಿನ ಬಾಲಪ್ಪ ಉತ್ತರ ತಂದ. “ಮಾಸ್ತರು ನಕ್ಕರು. ಮೊದಲನೇ ಪುಟದಾಗ ಎಲ್ಲಾ ಬರದೀನಿ, ನೋಡಂತ ಹೇಳು ಅಂದಾರ.”

ಯಂಕೋಬ ಮೊದಲ ಪುಟ ತೆರೆದ. ಖಾಲಿ. ಬಿಸಿಲಿಗೆ ಹಿಡಿದ. ಕಾಣದ ಶಾಯಿಯೇನಾದರೂ ಇದ್ದೀತೆಂದು ಚಿಮಣಿ ದೀಪದ ಮೇಲೆ ಕಾಯಿಸಿದ. ಮೂಲೆ ಕಂದಿತೇ ಹೊರತು ಅಕ್ಷರ ಮೂಡಲಿಲ್ಲ.

“ಸುಳ್ಳೂ ಹೇಳ್ಯಾನ,” ಎಂದ. ಮಾಸ್ತರರು ಏಕವಚನಕ್ಕೆ ಇಳಿದಿದ್ದರು.

“ಕಡೀ ತನಕ ತಿರುವಿ ನೋಡ್ರಿ ಒಮ್ಮೆ,” ಎಂದಳು ಅಮರಮ್ಮ.

ಅದೊಂದು ಅವನಿಂದಾಗದು. ಹಾಳೆ ಕಡಿಮೆಯಿದ್ದ ಪುಸ್ತಕವನ್ನು ಓದಬಾರದೆಂದು ಆ ಕಾದಂಬರಿಯನ್ನು ಅವನು ಶುರುವೇ ಮಾಡಿರಲಿಲ್ಲ. ಓದದ ಪತ್ತೇದಾರಿಯ ಕೊನೆಯನ್ನು ಮುಟ್ಟುವುದೂ ಉಂಟೇ? ಖೂನಿ ಮಾಡಿದವನ ಹೆಸರು ಕಣ್ಣಿಗೆ ಬಿದ್ದರೆ ಕಥೆ ಅಲ್ಲಿಗೇ ಸತ್ತಂತೆ.

ಭಾನುವಾರ ಪುಸ್ತಕ ಹಿಡಿದು ಮಸ್ಕಿಯ ಬಸ್ಸು ಹತ್ತಿದ. ಮಾಸ್ತರರು ಅಂಗಳದ ಹೊರಸಿನ ಮೇಲೆ ಕೂತಿದ್ದರು. ಇವನನ್ನು ಕಂಡು ಮುಖ ಅರಳಿತು.

“ಬಾರೋ. ಓದಿದೇನು?”

“ನಂದು ಕೊಡ್ರಿ. ಮೊದಲನೇ ಪುಟದಾಗ ಏನೂ ಇಲ್ಲ. ಕಳವು ಮಾಡಿ ಮ್ಯಾಲೆ ಸುಳ್ಳ್ಯಾಕ ಹೇಳ್ತೀರಿ?”

ಮಾಸ್ತರರ ನಗು ನಿಂತಿತು. ಅವರು ಅವನ ಕೈಯಿಂದ ಪುಸ್ತಕ ತೆಗೆದುಕೊಂಡರು, ಬೋರಲು ಹಾಕಿದರು, ಹಿಂದಿನ ರಟ್ಟನ್ನು ತೆರೆದರು. ಉರ್ದು ಪುಸ್ತಕ ಶುರುವಾಗುವುದು ಆ ಕಡೆಯಿಂದ. ಪುಸ್ತಕದ ಮೇಲೆ ಎಂದೂ ಏನೂ ಬರೆಯದ ಮನುಷ್ಯ ಒಮ್ಮೆ ಪೆನ್ನು ಹಿಡಿದಾಗ, ಐವತ್ತು ವರ್ಷದ ರೂಢಿಯಂತೆ ಕೈ ಅಲ್ಲಿಗೇ ಹೋಗಿತ್ತು.

‘ದೋಸ್ತ ಯಂಕೋಬನಿಗೆ. ಹಾಳೆ ಹರಿದಿದೆಯೆಂದು ನೀನು ಓದದೆ ಇಟ್ಟಿದ್ದೆ. ಎರಡು ಸಲ ಹೈದರಾಬಾದಿಗೆ ಹೋಗಿ ಪೂರ್ತಿ ಇದ್ದದ್ದು ಹುಡುಕಿದೆ. ಇದು ನಿನಗೆ. ನಿನ್ನ ಹೆಸರಿರುವುದು ನನ್ನ ಬಳಿ ಇರಲಿ.’

“ನನಗ ಇದಾ ಮೊದಲನೇದು,” ಎಂದರು.

ಯಂಕೋಬನಿಗೆ ನಾಚಿಕೆಯಿಂದ ಕಿವಿ ಕಾದವು. “ತಪ್ಪಾತ್ರೀ ಮಾಸ್ತರ,” ಎಂದ.

ಮಾಸ್ತರರು ಒಳಗೆ ಹೋಗಿ ಅವನ ಹರಕು ಪ್ರತಿಯನ್ನು ತಂದರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ, ಹೊಸದರ ಮೇಲಿಟ್ಟು, ಎರಡನ್ನೂ ಅವನ ಕೈಗೆ ಕೊಟ್ಟರು.

“ಒಂದು ಕೇಳ್ತೀನಿ, ಖರೇ ಹೇಳು. ಯಾವ ಪುಟಕ್ಕ ನನ್ನ ಮ್ಯಾಲೆ ಶಕ್ ಬಂತು?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಮೊದಲನೇ ಪುಟಕ್ಕಾರೀ.”

ಮಾಸ್ತರರು ಹೊರಸಿನ ಮೇಲೆ ಮೆಲ್ಲಗೆ ಕೂತರು.

“ಅದಕ್ಕಿಂತ ಮೊದಲ ಆರು ವರ್ಷ ಇದ್ದವಲ್ಲೋ, ಯಂಕೋಬ,” ಎಂದರು.