ಕೇತಕಿಗೆ ಕೋಡು ಬಂದದ್ದು

"ಈ ಚಾಕೂನ ಮೂರೂ ಅಲಗು ಯಾವತ್ತ ನೀನ ಸ್ವಂತ ತೆಗೀತಿ, ಅವತ್ತ ನಿನಗ ಬೇಕಾದ ಚಾಕು, ಬೇಕಾದ ಹಿಡಿಕೀದು ಕೊಡಸ್ತೀನಿ" ಎಂದು ನಮ್ಮ ಮಾವ ಮಾರ್ತಾಂಡರಾಯರು ನನ್ನ ಮಗಳು ಕೇತಕಿಗೆ ಮಾತು ಕೊಟ್ಟಾಗ ಅವಳಿಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು.

ಮಾವ ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಅವರ ಮಡಚುವ ಚಾಕು ಬಿಗಿ ಅಂದರೆ ಬಿಗಿ. ಅಲಗಿನ ಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು. ನಾದಿನಿಯ ಮಗ ಋಷಿಕೇಶ ಹಾಗೆ ಎಳೆದೇ ತನ್ನದೊಂದು ಚಾಕು ಗೆದ್ದುಕೊಂಡಿದ್ದ. ಕೇತಕಿ ಎಡಗೈಯವಳು. ಅವಳು ಹಿಡಿದರೆ ಗೀರು ಆಚೆ ಬದಿಗೆ ಹೋಗುತ್ತಿತ್ತು. ಬಲಗೈಯಲ್ಲಿ ಎಳೆಯಹೋದರೆ ಉಗುರು ಮುರಿಯುತ್ತಿತ್ತು. ಪ್ರತಿ ದೀಪಾವಳಿಗೂ ಆಕಾಶಬುಟ್ಟಿ ಕಟ್ಟುವವಳು ಅವಳೇ, ಆದರೆ ಬಿದಿರು ಸೀಳಲು ಋಷಿಕೇಶನ ಚಾಕು ಬೇಡಬೇಕು. "ಎಡಚೀ, ಬೆರಳು ಜ್ವಾಕಿ" ಎಂದು ಹಂಗಿಸದೆ ಅವನು ಒಮ್ಮೆಯೂ ಕೊಟ್ಟವನಲ್ಲ.

ಮೊನ್ನೆ ಭಾನುವಾರ. ವಾರವಿಡೀ ಕೊಂಢವಾ ಬಡಾವಣೆಯ ಔಷಧಿ ಅಂಗಡಿಯಲ್ಲಿ ನಿಂತು ಮರಗಟ್ಟಿದ ಕಾಲುಗಳನ್ನು ದಿಂಬಿನ ಮೇಲಿಟ್ಟು ಮಲಗಿದ್ದೆ. ಹೊರಗಿನ ಕೋಣೆಯಿಂದ ಟಕ್ ಎಂಬ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬೈದುಕೊಳ್ಳುತ್ತಲೇ ಎದ್ದು ಹೋದೆ.

ಕೇತಕಿ ಅಜ್ಜನ ಚಾಕುವಿನ ಅಲಗು ಏಳುವ ಬದಿ ನೆಲದ ಕಡೆ ಮಾಡಿ, ಬಲಗೈಯಿಂದ ಹಿಡಿಕೆಯನ್ನು ಮೇಲಿನಿಂದ ಹಿಡಿದಿದ್ದಳು. ಹಾಗೆ ತಿರುಗಿಸಿದ್ದಕ್ಕೆ ಗೀರು ಅವಳ ಎದುರಿಗೇ ಬಂದಿತ್ತು. ಎಡ ಹೆಬ್ಬೆರಳಿನ ಉಗುರು ಸಿಕ್ಕಿಸಿ ಕೆಳಕ್ಕೆ ಒತ್ತಿದಳು. ಟಕ್. ಮೂರನೆಯ ಅಲಗೂ ತೆರೆಯಿತು.

"ಅಜ್ಜಾ!"

ಮಾವ ಕನ್ನಡಕ ಏರಿಸಿ ನೋಡಿದರು. "ಇದು ಲೆಕ್ಕಕ್ಕಿಲ್ಲ. ತಲಿಕೆಳಗ ಹಿಡದೀಯಲ್ಲ!"

"ನೀ ತೆಗಿ ಅಂದಿದ್ದಿ. ಹಿಂಗ ಹಿಡಿ ಅಂತ ಅಂದಿದ್ದಿಲ್ಲ."

"ನೋಡವಾ ನೀರಜಾ, ನಿನ್ನ ಮಗಳಿಗೆ ಕೋಡು ಬಂದಾವ."

ಯಾರು ಎದುರಾಡಿದರೂ ಅವರು ಹೇಳುವುದು ಅದನ್ನೇ. "ಬರಲಿ ಬಿಡ್ರಿ ಮಾಮಾ" ಎಂದೆ. "ತೆಗದಾಳೋ ಇಲ್ಲೋ, ಅಷ್ಟ ಹೇಳ್ರಿ."

ಅವರು ಅಲಗುಗಳನ್ನು ಮಡಚಿದರು. ಅವಳಂತೆಯೇ ಹಿಡಿದು, ಎಡಗೈಯಿಂದ ಒತ್ತಿ ನೋಡಿದರು. ಒಂದೂ ಜಗ್ಗಲಿಲ್ಲ. ಮತ್ತೊಮ್ಮೆ ಒತ್ತಿ, ಹೆಬ್ಬೆರಳು ಕೊಡವಿಕೊಂಡರು.

"ನಡೀರಿ, ಚಪ್ಪಲ್ ಹಾಕ್ಕೋರಿ" ಎಂದರು.

ರವಿವಾರ ಪೇಠೆಯ ಅಂಗಡಿಯವನು ಗಾಜಿನ ಕಟ್ಟೆಯ ಮೇಲೆ ಬಟ್ಟೆ ಹಾಸಿ ಚಾಕುಗಳನ್ನು ಹರವಿದ. ಅಲಗು ಎಲ್ಲಕ್ಕೂ ಮೂರೇ. ಹಿಡಿಕೆ ಮಾತ್ರ ಬೇರೆ ಬೇರೆ. ಪಿತ್ತಳೆ, ಪ್ಲಾಸ್ಟಿಕ್, ಶೀಸಂ ಮರ. ಕೇತಕಿ ನೀರು ಕೇಳಿ ಅಂಗೈ ಒದ್ದೆ ಮಾಡಿಕೊಂಡಳು. ನೆನೆಸಿದ ಬಿದಿರು ಸೀಳುವವಳಿಗೆ ಒದ್ದೆ ಕೈಯೇ ಪರೀಕ್ಷೆ. ಪಿತ್ತಳೆ ಜಾರಿತು, ಪ್ಲಾಸ್ಟಿಕ್ಕೂ ಜಾರಿತು. ಅವಳು ತಲೆಕೆಳಗೆ ಹಿಡಿದು ಅಲಗು ತೆಗೆಯುವುದನ್ನು ಕಂಡು ಅಂಗಡಿಯವನು ನಕ್ಕು ಮರಾಠಿಯಲ್ಲಿ ಅಂದ, "ಅಗ, ಉಲಟಾ ಧರಲಾಯಸ ಕೀ!"

"ನಾಹೀ ಕಾಕಾ, ಮಾಝಾ ಸುಲಟಾ ಅಸಾಚ" ಎಂದಳು. ಅವನಿಗೆ ಉಲ್ಟಾ ಕಂಡದ್ದೇ ಅವಳಿಗೆ ನೆಟ್ಟಗೆ.

ಅವನು ಕೆಳಗಿನ ಖಾನೆಯಿಂದ ಕಪ್ಪನೆಯದೊಂದನ್ನು ತೆಗೆದಿಟ್ಟ. ಎಮ್ಮೆಯ ಕೋಡಿನ ಹಿಡಿಕೆ, ಮೇಲೆಲ್ಲ ಒರಟು ಗೆರೆಗಳು. ಒದ್ದೆ ಕೈಯಲ್ಲಿ ಅದು ಕದಲಲಿಲ್ಲ.

"ಇದಽ ಬೇಕು."

"ಎಮ್ಮೀ ಕೋಡೇನು? ದೇವರ ಪೂಜಾ ನಡಿಯೋ ಮನ್ಯಾಗ ಬ್ಯಾಡ" ಎಂದರು ಮಾವ. "ಕಟಗೀದು ಛಲೋ ಅದ, ತಗೋ."

"ಪೂಜಾಕ್ಕ ದಿನಾ ಶಂಖ ತೊಳೀತಿಯಲ್ಲಜ್ಜಾ, ಅದು ಯಾವ ಗಿಡದಾಗ ಬಿಟ್ಟಿತ್ತು?"

ನನಗೆ ನಗು ತಡೆಯಲಾಗಲಿಲ್ಲ. ಕಾಲುನೋವು ಎಲ್ಲಿ ಹೋಯಿತೋ! ಮಾವ ಮರದ ಹಿಡಿಕೆಯದನ್ನು ಇನ್ನಷ್ಟು ಮುಂದೆ ತಳ್ಳಿದರು. ಅವಳು ಅದನ್ನು ಮುಟ್ಟಲಿಲ್ಲ.

"ನನಗ ಕೋಡು ಬಂದಾವ ಅಂದಾಂವ ನೀನ. ಬಂದ ಮ್ಯಾಲ ಇಟ್ಕೊಳ್ಳಲಿಕ್ಕೆ ಜಾಗಾ ಬೇಕಲ್ಲ?"

ಈ ಸಲ ಮಾವನೇ ನಕ್ಕರು, ಹೊಟ್ಟೆ ಕುಲುಕುವಷ್ಟು. ದುಡ್ಡು ಕೊಟ್ಟರು. ಚೂಪಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಚಾಕುವನ್ನು ಕಟ್ಟೆಯ ಮೇಲಿಟ್ಟರು. ಕೇತಕಿ ಎಡಗೈ ಚಾಚಿ ಎತ್ತಿಕೊಂಡಳು. "ಬಲಗೈ, ಬಲಗೈ" ಎಂದು ಅವಳು ಹುಟ್ಟಿದಾಗಿನಿಂದ ಗದರುತ್ತಿದ್ದವರು ಅಂದು ಗದರದೆ ಚಿಲ್ಲರೆ ಎಣಿಸಿಕೊಂಡರು.

ಬಸ್ ನಿಲ್ದಾಣದಲ್ಲಿ ಅವಳು ಋಷಿಕೇಶನಿಗೆ ವಿಡಿಯೋ ಕಾಲ್ ಮಾಡಿ, ಮೂರೂ ಅಲಗುಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು. "ನಿಂದೂ ಹಿಂಗ ತೆಗದು ತೋರಸು, ಎಡಗೈಲೆ" ಎಂದಳು. ಅವನು ಫೋನ್ ಇಟ್ಟುಬಿಟ್ಟ.

ಚಾಕು ಅವಳಿಗೆ ಬೇಕಾದದ್ದೇ, ಹಿಡಿಕೆಯೂ ಅವಳಿಗೆ ಬೇಕಾದದ್ದೇ. ಮಾವ ಕೊಟ್ಟ ಮಾತು ಉಳಿಸಿಕೊಂಡರು.