ಬಾಗಿಲ ಒಳಗಿನ ಹಾಡು

"ಅವರನ್ನು ಯಾರು ಕರೆದದ್ದು ಮೇಡಂ?"

ರಾಹಿಲಾ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಕೇಳಿದಳು.

ಅವಳ ಸಂಶೋಧನೆಯ ಮಾರ್ಗದರ್ಶಕಿ ಮ್ಯಾಗ್ಡಲಿನ್ ಮೇಡಂ ಬಾಗಿಲ ಕಡೆ ನೋಡಿದರು. ಹೆಜಮಾಡಿಯ ಕುಂಞಾಲಿ ಹಾಜಿ ಚಪ್ಪಲಿಯನ್ನು ಹೊರಗೆ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತ ಸಭಾಂಗಣದ ಹೊಸ್ತಿಲಲ್ಲಿ ನಿಂತಿದ್ದರು.

"ನಾನೇ ಕರೆದದ್ದು. ಹಾಡಿನ ಊರಿನವರನ್ನು ಬಿಟ್ಟು ನಾವು ನಾವೇ ಮಣಿಪಾಲದಲ್ಲಿ ಕೂತು ಮಾತಾಡುವುದು ಎಂತ ನ್ಯಾಯ? ಊರಿನ ಹಿರಿಯರೊಬ್ಬರು ಬೇಕು ಅಂತ ಮಸೀದಿಯ ಜಮಾತಿನವರ ಹತ್ತಿರ ಕೇಳಿದೆ. ಇವರ ನಂಬರ್ ಕೊಟ್ಟರು. ನಿನಗೆ ಗುರ್ತ ಉಂಟಾ?"

"ಉಂಟು."

"ಒಳ್ಳೆಯದೇ ಆಯಿತಲ್ಲ."

"ಮೇಡಂ, ಇವತ್ತು ಆ ರೆಕಾರ್ಡಿಂಗ್ ಬೇಡ."

"ಎಂತ ಬೇಡ? ಮದರಂಗಿ ಹಾಡಿನ ಬಗ್ಗೆ ಇಷ್ಟುದ್ದ ಬರೆದು ಹಾಡನ್ನೇ ಕೇಳಿಸದಿದ್ದರೆ ಹೇಗೆ? ಪರೀಕ್ಷಕರು ಅಷ್ಟು ದೂರದಿಂದ ಬಂದದ್ದು ಅದಕ್ಕೇ. ಹಾಡಿದವರ ಹೆಸರು ತೆಗೆದಿದ್ದೀಯಲ್ಲ?"

"ತೆಗೆದಿದ್ದೇನೆ."

"ಮತ್ತೆ ಹೆದರಿಕೆ ಎಂತದ್ದು," ಎಂದು ಅವರು ಹಾಜಿಯನ್ನು ಸ್ವಾಗತಿಸಲು ಹೋದರು.

ಹೆಸರು ತೆಗೆದದ್ದು ನಿಜ. 'ಗಾಯಕಿ: ಕರಾವಳಿಯ ಹಿರಿಯ ಮಹಿಳೆ' ಎಂದಷ್ಟೇ ಬರೆದಿದ್ದಳು. ಆದರೆ ಆ ಧ್ವನಿ ನಬೀಸಾರದು ಎಂದು ಹೇಳಲು ಹೆಜಮಾಡಿಯಲ್ಲಿ ಯಾರಿಗೂ ಹೆಸರು ಬೇಕಾಗಿರಲಿಲ್ಲ. ನಬೀಸಾ ರಾಹಿಲಾಳ ದೊಡ್ಡಮ್ಮ. ಊರಿನ ಯಾವ ಮದುವೆಯಿದ್ದರೂ ಮದರಂಗಿಯ ದಿನ ಅವರನ್ನು ಕರೆಸುತ್ತಾರೆ. ಹೆಂಗಸರು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವರು ಕೈ ತಟ್ಟುತ್ತ ಗಂಡಿನ ಮನೆಯವರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹಾಡಿನಲ್ಲಿ ಕಾಲೆಳೆಯುತ್ತಾರೆ. ಸಾಲಿನ ನಡುವೆ ಒಂದು ಹೆಸರು ಬರಲೇಬೇಕು. ಬಾರದಿದ್ದರೆ ತಾಳ ಕುಂಟುತ್ತದೆ. ಹೊರಗೆ ಪೆಂಡಾಲಿನಲ್ಲಿ ಕುಳಿತ ಗಂಡಸರಿಗೆ ಇದೊಂದೂ ಕೇಳಿಸುವುದಿಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡು ಬಂದ ಮರ್ಯಾದೆ.

ರಾಹಿಲಾ ಹಾಡನ್ನು ಫೋನಿನಲ್ಲಿ ಮುದ್ರಿಸಿದ್ದು ತನ್ನ ಚಿಕ್ಕಪ್ಪನ ಮಗಳು ಸಬೀನಾಳ ಮದುವೆಯಲ್ಲಿ. ಗಂಡು ಕುಂಞಾಲಿ ಹಾಜಿಯ ಮಗ. ನಬೀಸಾ ಆ ದಿನ ಹಾಜಿಯನ್ನು ಬಿಟ್ಟಿರಲಿಲ್ಲ. ಹಾಜಿ ಕುಂಞಾಲಿಯ ಬಿರಿಯಾನಿಯಲ್ಲಿ ಮಾಂಸ ಎಲ್ಲಡಗಿದೆ, ಟಾರ್ಚು ತನ್ನಿ ಹುಡುಕುವ ಎಂದು ಹಾಡಿದಾಗ ಕೋಣೆಯಿಡೀ ನಕ್ಕಿತ್ತು. ನಬೀಸಾರ ಒಬ್ಬನೇ ಮಗ ರಿಯಾಝ್ ಕೊಲ್ಲಿ ದೇಶದ ದಮ್ಮಾಮಿನಲ್ಲಿ ದುಡಿಯುವುದು ಇದೇ ಹಾಜಿಯ ಅಂಗಡಿಯಲ್ಲಿ. ಹಾಜಿ ಕೆಲಸದಿಂದ ಬಿಡಿಸಿದರೆ ಅವನು ಊರಿಗೆ ಮರಳಬೇಕು. ಇದು ಗೊತ್ತಿದ್ದೂ ನಬೀಸಾ ಹಾಡಿದ್ದರು, ಏಕೆಂದರೆ ಬಾಗಿಲು ಹಾಕಿತ್ತು.

"ನಿನ್ನ ಮೇಡಂಗೆ ಕೇಳಿಸು. ಗಂಡಸರಿಗೆ ಬೇಡ," ಎಂದು ಅವರು ಫೋನನ್ನು ನೋಡಿ ಹೇಳಿದ್ದರು. ರಾಹಿಲಾ ಆಯಿತು ಎಂದಿದ್ದಳು. ಆಮೇಲೆ, ಬ್ಯಾರಿ ಭಾಷೆ ಬಾರದ ಗಂಡಸರು ಕೇಳಿದರೆ ಅದು ಕೇಳಿದ ಹಾಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದ ಗೆಳತಿ ಆಶ್ರಿತಾಳ ಕಿವಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಆಶ್ರಿತಾ ಹಾಜಿಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು.

"ಫೈಲ್ ಓಪನ್ ಆಗುವುದಿಲ್ಲ ಅಂತೇನೆ. ಈ ಡಬ್ಬವನ್ನು ನೋಡಿದರೆ ಯಾರಾದರೂ ನಂಬುತ್ತಾರೆ ಮಾರಾಯ್ತಿ. ನೀನು ಮುಖ ಸರಿ ಮಾಡು. ಸಾವಿನ ಮನೆಗೆ ಬಂದವಳ ಹಾಗೆ ಉಂಟು."

ಹಾಗೆಯೇ ನಡೆಯಿತು. ರಾಹಿಲಾ ಪ್ರಬಂಧ ಓದಿದಳು. ಕಣ್ಣೆತ್ತಿದಾಗಲೆಲ್ಲ ಮೂರನೆಯ ಸಾಲಿನಲ್ಲಿ ಹಾಜಿ ಕೈಕಟ್ಟಿ ಕುಳಿತದ್ದು ಕಾಣುತ್ತಿತ್ತು. ಹಾಡಿನ ಜಾಗ ಬಂದಾಗ ಆಶ್ರಿತಾ ಏನೇನೋ ಒತ್ತಿ, ನಿಟ್ಟುಸಿರು ಬಿಟ್ಟು, "ಸಾರಿ ಸರ್, ಕರಪ್ಟ್ ಆಗಿದೆ," ಎಂದಳು. ಮ್ಯಾಗ್ಡಲಿನ್ ಮೇಡಂ ಹಣೆ ಒತ್ತಿಕೊಂಡರು. ರಾಹಿಲಾಳ ಎದೆ ಸ್ವಲ್ಪ ಹಗುರಾಯಿತು.

"ಪರವಾಗಿಲ್ಲ," ಎಂದರು ಪರೀಕ್ಷಕರು, ಬಹಳ ಸೌಜನ್ಯದಿಂದ. "ನೀವು ಆ ಊರಿನ ಹುಡುಗಿಯೇ ಅಲ್ಲವೇ? ನಾಲ್ಕು ಸಾಲು ಹಾಡಿ ತೋರಿಸಿ. ಧಾಟಿ ತಿಳಿಯದೆ ಈ ಅಧ್ಯಾಯದ ಬಗ್ಗೆ ನಾನು ಏನೂ ಹೇಳಲಾರೆ."

ಹಾಡುವುದಿಲ್ಲ ಎಂದರೆ ಏಕೆಂದು ಕೇಳುತ್ತಾರೆ; ಆ ಪ್ರಶ್ನೆಗೆ ಹಾಜಿಯ ಎದುರು ಉತ್ತರ ಹೇಳಬೇಕಾಗುತ್ತದೆ. ರಾಹಿಲಾ ಮೈಕನ್ನು ಸ್ವಲ್ಪ ದೂರ ಸರಿಸಿ, ಶಿರವಸ್ತ್ರವನ್ನು ಸರಿಮಾಡಿಕೊಂಡು ಹಾಡಲು ತೊಡಗಿದಳು. ಮೊದಲ ಎರಡು ಸಾಲು ಮದುಮಗಳ ಕೈಯ ಬಣ್ಣದ ಬಗ್ಗೆ, ಅದರಲ್ಲಿ ಭಯವಿರಲಿಲ್ಲ. ಮೂರನೆಯದರಲ್ಲಿ ಹೆಸರು ಬರಬೇಕು. ಬಿಟ್ಟು ಹಾಡಲು ನೋಡಿದಳು, ತಾಳ ತಪ್ಪಿತು. ಮತ್ತೆ ಹಿಡಿದಳು. ಆ ಜಾಗಕ್ಕೆ ಬಂದಾಗ ಬಾಯಿಗೆ ಸಿಕ್ಕಿದ್ದು ಸ್ವಂತ ಅಪ್ಪನ ಹೆಸರು. ಇದ್ದಿನಬ್ಬರ ಬಿರಿಯಾನಿಯಲ್ಲಿ ಮಾಂಸ ಹುಡುಕಲು ಟಾರ್ಚು ತನ್ನಿ ಎಂದು ಹಾಡಿ ಮುಗಿಸಿದಳು.

ಜನ ಚಪ್ಪಾಳೆ ತಟ್ಟಿದರು. ಪರೀಕ್ಷಕರು ಏನೋ ಬರೆದುಕೊಂಡು ತಲೆಯಾಡಿಸಿದರು. ಹಾಜಿ ಮಾತ್ರ ಕೈಕಟ್ಟಿದ್ದನ್ನು ಬಿಡಿಸಲಿಲ್ಲ.

ಎಲ್ಲರೂ ಎದ್ದ ಮೇಲೆ ಅವರು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದರು. ಬ್ಯಾರಿಯಲ್ಲೇ ಮಾತಾಡಿದರು.

"ಇದ್ದಿನಬ್ಬನ ಮಗಳಲ್ವಾ ನೀನು. ಒಳ್ಳೆ ಹಾಡಿದಿ. ಯಾರು ಕಲಿಸಿದ್ದು?"

"ಉಮ್ಮ," ಎಂದು ರಾಹಿಲಾ ಅಮ್ಮನ ಮೇಲೆ ಹಾಕಿದಳು.

"ನಿನ್ನ ಉಮ್ಮ ಎರ್ಮಾಳಿನವಳು. ಅವಳು ಹಾಡಿದ್ದನ್ನು ನಾನು ಕೇಳಿಲ್ಲ."

"ಮನೆಯಲ್ಲಿ ಹಾಡುತ್ತಿದ್ದರು."

ಹಾಜಿ ಕನ್ನಡಕ ತೆಗೆದರು. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಎಂಬಂತೆ ಕಂಡಿತು. "ಸಾಲಿನ ಕೊನೆಯನ್ನು ಬಿಡದೆ, ಮೇಲಕ್ಕೆ ಎಳೆದು ಥಟ್ಟನೆ ಕಡಿಯುತ್ತಿ. ನಮ್ಮ ಊರಿನಲ್ಲಿ ಹಾಗೆ ಕಡಿಯುವ ಗಂಟಲು ಒಂದೇ. ಹೊರಗೆ ಕೂತವರಿಗೂ ಕಿವಿ ಉಂಟಲ್ವಾ?"

ರಾಹಿಲಾ ಹೆಸರನ್ನು ಬದಲಿಸಿದ್ದಳು. ಹಾಡಿದ್ದು ಮಾತ್ರ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ನಬೀಸಾರ ರೀತಿಯಲ್ಲಿ. ಬೇರೆ ರೀತಿಯೊಂದಿದೆ ಎಂಬುದು ಹಾಡುವಾಗ ಹೊಳೆದಿರಲೇ ಇಲ್ಲ.

"ಇದ್ದಿನಬ್ಬ ಹೆಣ್ಣು ಕೊಟ್ಟ ಮನೆಯವನು," ಹಾಜಿ ಮೆಲ್ಲಗೆ ಹೇಳಿದರು. "ಈ ಹಾಡಿನಲ್ಲಿ ಬರುವುದು ಗಂಡಿನ ಮನೆಯವರು. ಅಲ್ಲಿ ಇದ್ದದ್ದು ಯಾರ ಹೆಸರು?"

ಅವಳು ಆಶ್ರಿತಾಳ ಕಡೆ ನೋಡಿದಳು. ಆಶ್ರಿತಾ ಬಗ್ಗಿ ವಯರುಗಳನ್ನು ಸುತ್ತುತ್ತಿದ್ದಳು. ಮ್ಯಾಗ್ಡಲಿನ್ ಮೇಡಂ ದೂರದಿಂದ ಇವರಿಬ್ಬರನ್ನು ನೋಡಿ ಸಂತೋಷದಿಂದ ನಕ್ಕರು.

"ಮರೆತುಹೋಗಿದೆ," ಎಂದಳು ರಾಹಿಲಾ.

"ಆಗಲಿ."

ಹಾಜಿ ಕನ್ನಡಕ ಹಾಕಿಕೊಂಡು ಜೇಬಿನಿಂದ ಫೋನು ತೆಗೆದರು. ಪರದೆಯನ್ನು ಕಣ್ಣಿನ ಹತ್ತಿರ ತಂದು ಬೆರಳಿನಿಂದ ಹೆಸರುಗಳನ್ನು ಸರಿಸುತ್ತ ಹೊರಗಿನ ಜಗಲಿಗೆ ನಡೆದರು. ರಾಹಿಲಾಳಿಗೆ ದಮ್ಮಾಮಿನ ಅಂಗಡಿ ನೆನಪಾಯಿತು. ಅಲ್ಲಿ ಬಿಸಿಲಿಗೆ ಬೆನ್ನು ಮಾಡಿ, ಒಂದು ಕಿವಿಗೆ ಫೋನು ಹಿಡಿದು, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ನಿಂತರು. ಗಾಜಿನ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಒಳಗಿನಿಂದ ರಾಹಿಲಾಳಿಗೆ ಅವರ ತುಟಿ ಕಾಣುತ್ತಿತ್ತು. ಅದು ಇನ್ನೂ ಅಲುಗಾಡಿರಲಿಲ್ಲ.